ಪೋಲಿಷೋ, ಡ್ಯಾನಿಷೋ

ಮಾರ್ಚ್ 3, ಸೋಮವಾರ. ಸಂಜೆ

ಇವತ್ತು ಮೂರು ಜನ ಕೂರುವ ಸೋಫಾ ನಾಲ್ಕು, ಒಂಟಿ ಕುರ್ಚಿ ಎರಡು. ಫೋಮ್ ಮತ್ತೆ ತೆಳ್ಳಗಿನದೇ ಬಂದಿದೆ. ಸ್ಟೇಪಲ್ ಗನ್ ಎರಡು ಸಲ ಕೈಕೊಟ್ಟಿತು. ಪಕ್ಕದ ಮೇಜಿನ ‘ಮೊಳೆ’ಯ ಹತ್ತಿರ ಅವನ ಗನ್ ಇಸಕೊಂಡು ಮುಗಿಸಿದೆ. ಬಾಯಿ ತುಂಬ ಮೊಳೆ ಕಚ್ಚಿಕೊಂಡೇ ಮಾತಾಡುವವನು, ಅದಕ್ಕೇ ಆ ಹೆಸರು. ನನಗೆ ಇಟ್ಟ ಹೆಸರು ‘ಏನಂದ್ರಿ’. ದಿನಕ್ಕೆ ನೂರು ಸಲ ಹಾಗೆ ಕೇಳುತ್ತೇನಂತೆ. ಇಪ್ಪತ್ಮೂರು ವರ್ಷ ಕಂಪ್ರೆಸರ್ ಪಕ್ಕದಲ್ಲಿ ನಿಂತವನು ಇನ್ನೇನು ಕೇಳುತ್ತಾನೆ?

ನಾಲ್ಕು ಗಂಟೆಗೆ ಎಲ್ಲರನ್ನೂ ಕ್ಯಾಂಟೀನಿಗೆ ಕರೆದರು. ಸಿಬ್ಬಂದಿ ಅಧಿಕಾರಿ ಕಾಗದ ನೋಡಿಕೊಂಡು ಓದಿದರು. ಸೋಫಾ ವಿಭಾಗ ಜೂನ್ ಕೊನೆಗೆ ಮುಚ್ಚುತ್ತದೆ. ನಮ್ಮಿಂದ ಮಾಲು ಕೊಳ್ಳುವ ಎರಡು ಕಾರ್ಖಾನೆಗಳು ಕೆಲಸಗಾರರನ್ನು ತೆಗೆದುಕೊಳ್ಳಲು ಒಪ್ಪಿವೆ. ಒಂದು ಪೋಲೆಂಡಿನಲ್ಲಿ, ಇನ್ನೊಂದು ಡೆನ್ಮಾರ್ಕಿನಲ್ಲಿ. ಅಲ್ಲಿಯ ಭಾಷೆಯ ಮೊದಲ ಪರೀಕ್ಷೆ ಮೇ ತಿಂಗಳಲ್ಲಿ. ಪಾಸಾದವರು ಹೋಗಬಹುದು. ನಾಳೆಯಿಂದ ಕೆಲಸ ಮುಗಿದ ಮೇಲೆ ಕ್ಲಾಸ್.

ಅರ್ಧ ಮಾತು ಕೇಳಿಸಲಿಲ್ಲ. ಮೊಳೆ ಆಮೇಲೆ ಹೇಳಿದ್ದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಮಡಚಿ ಬಂದಿದ್ದಳು. ಕಾಲು ನೀಡಿಕೊಂಡು ಕೂತೇ ಕೇಳಿದಳು. ಹೋಗುವುದಾದರೆ ಹೋಗಿ, ಇಲ್ಲೇನು ಕಿಸಿಯುವುದಿದೆ ಎಂದಳು. ಮಗಳು ಏನೂ ಅನ್ನಲಿಲ್ಲ. ಅಥವಾ ಅಂದಳೇನೋ.

ಮಾರ್ಚ್ 4

ಟೀಚರ್‌ಗೆ ಐವತ್ತರ ಮೇಲೆ. ಎರಡೂ ದೇಶಗಳಲ್ಲಿ ಇದ್ದು ಬಂದವರು. ಕ್ಯಾಂಟೀನಿನ ಗೋಡೆಗೆ ಬೋರ್ಡ್ ಒರಗಿಸಿ ನಡುವೆ ಗೆರೆ ಎಳೆದರು. ಈ ಕಡೆ ಪೋಲಿಷ್, ಆ ಕಡೆ ಡ್ಯಾನಿಷ್. ಶುಕ್ರವಾರದೊಳಗೆ ಒಂದನ್ನು ಆರಿಸಿಕೊಳ್ಳಬೇಕು.

ಅವರು ಹೇಳಿದ್ದು ಇಷ್ಟು — ಪೋಲಿಷ್ ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ, ಒಳಗೆ ಬಿಟ್ಟ ಮೇಲೆ ಮೋಸ ಮಾಡುವುದಿಲ್ಲ. ಡ್ಯಾನಿಷ್ ಬನ್ನಿ ಬನ್ನಿ ಎಂದು ಕರೆದು, ಒಳಗೆ ಹೋದ ಮೇಲೆ ದೀಪ ಆರಿಸಿಬಿಡುತ್ತದೆ. ಮುಂದಿನ ಬೆಂಚಿನಲ್ಲಿ ಕೂತಿದ್ದೆ, ಬಾಯಿ ಕಾಣುತ್ತಿತ್ತು. ಎಲ್ಲ ಸಿಕ್ಕಿತು.

ಸೋಫಾಕ್ಕೆ ಎರಡು ಭಾಷೆಯಲ್ಲೂ ಸೋಫಾ ಎಂದೇ ಅಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಪೋಲಿಷ್ ಬದಿಯಲ್ಲಿ ಬರೆಯುತ್ತಾ ಹೋದರು: ಸೋಫಾ, ಸೋಫಿ, ಸೋಫ್ಯೆ, ಸೋಫೊಂ... ಏಳು ವಿಭಕ್ತಿ. ಚಪ್ಪಾಳೆ ನಿಂತಿತು. ಮೊಳೆ ತಲೆ ಮೇಲೆ ಕೈ ಹೊತ್ತ. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಸೋಫಾವನ್ನು, ಸೋಫಾದಿಂದ, ಸೋಫಾಕ್ಕೆ, ಸೋಫಾದಲ್ಲಿ — ನಾವು ದಿನಾ ಮಾಡುವುದೂ ಅದೇ ತಾನೇ? ಹಾಗಂತ ಹೇಳಿದೆ. ಟೀಚರ್ ತಿರುಗಿ ನೋಡಿದರು. ಈ ಮಾತು ಇದುವರೆಗೆ ಯಾರೂ ಹೇಳಿರಲಿಲ್ಲವಂತೆ.

ಡ್ಯಾನಿಷ್‌ನಲ್ಲಿ ಆ ಕಾಟ ಇಲ್ಲ. ಕ್ರಿಯಾಪದವೂ ಬದಲಾಗುವುದಿಲ್ಲ. ನಾನು ಬರು, ನೀನು ಬರು, ಅವರು ಬರು. ಎಲ್ಲರಿಗೂ ಒಂದೇ ಅಳತೆಯ ಅಂಗಿ. ಮ್ಯಾನೇಜರಿಗೂ ‘ನೀನು’ ಅಂತಲೇ ಅನ್ನಬೇಕಂತೆ. ಪೋಲಿಷ್‌ನಲ್ಲಿ ಹಾಗಂದರೆ ಮುಖ ಊದಿಸಿಕೊಳ್ಳುತ್ತಾರೆ. ಅಲ್ಲಿ ‘ಅವರು ಬರುತ್ತಾರೆಯೇ’ ಎಂದು ಎದುರಿಗಿರುವವರನ್ನೇ ಕೇಳುವ ಮರ್ಯಾದೆ.

ಮಾರ್ಚ್ 7, ಶುಕ್ರವಾರ

ಪೋಲಿಷ್ ಬರೆದುಕೊಟ್ಟೆ. ಮೊಳೆಯೂ ಅದೇ. ನಾನು ಇದ್ದರೆ ವಿಭಕ್ತಿ ತೋರಿಸಿಕೊಡುತ್ತೇನೆ ಎಂಬ ಧೈರ್ಯ ಅವನಿಗೆ. ಬರೆದ ಹಾಗೆ ಓದುತ್ತಾರೆ, ಓದಿದ ಹಾಗೆ ಬರೆಯುತ್ತಾರೆ. ಕಾಗದದ ಮೇಲೆ ಇರುವುದನ್ನು ನಂಬಬಹುದು ಎಂದರೆ ಅರ್ಧ ಭಾರ ಇಳಿದಂತೆ.

ಮಾರ್ಚ್ 13, ಗುರುವಾರ

ಮರ್ಯಾದೆ ಹೋಯಿತು.

ಟೀಚರ್ ಅಂಕಿ ಹೇಳುತ್ತಾ ಬೆಂಚುಗಳ ಮಧ್ಯೆ ಓಡಾಡಿದರು. ನಾವು ಬರೆಯಬೇಕು. ಇಪ್ಪತ್ತರಲ್ಲಿ ನನ್ನದು ಏಳು ಸರಿ. ಬಾಯಿ ಬಾರದ ಮೊಳೆಯದೇ ಹದಿನಾರು.

ಒಂಬತ್ತಕ್ಕೆ ಜೆವ್ಯೆಂಚ್. ಹತ್ತಕ್ಕೆ ಜೆಶೆಂಚ್. ಪುಸ್ತಕದಲ್ಲಿ ಬೇರೆ ಬೇರೆ ಕಾಣುತ್ತವೆ. ಅವರು ಬೆನ್ನ ಹಿಂದಿನಿಂದ ಹೇಳಿದಾಗ ಎರಡೂ ಒಂದೇ. ಆರಕ್ಕೆ ಶೆಶ್ಚ್ — ಅಲ್ಲಿ ನನಗೆ ಒಂದು ‘ಎ’ ಕೇಳಿಸಿತು. ಎರಡೂ ಬದಿ ಗಾಳಿ. ಈ ಭಾಷೆ ತುಂಬ ಸ, ಶ, ಚ. ಸಣ್ಣ ಶ, ದಪ್ಪ ಶ, ಸಣ್ಣ ಚ, ದಪ್ಪ ಚ. ಉಳಿದವರಿಗೆ ಯಾವ ಶ ಎಂದು ತಲೆಬಿಸಿ. ನನಗೆ ಶ ಇದೆಯೇ ಎಂದೇ.

ಒಂಬತ್ತು ಸೆಂಟಿಮೀಟರ್‌ಗೆ ಹತ್ತು ಕತ್ತರಿಸಿದರೆ ಬಟ್ಟೆ ಸುಕ್ಕು. ಹತ್ತಕ್ಕೆ ಒಂಬತ್ತು ಕತ್ತರಿಸಿದರೆ ಬಟ್ಟೆ ಕಸ.

ಕ್ಲಾಸ್ ಬಿಟ್ಟ ಮೇಲೆ ಟೀಚರ್ ತಡೆದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಐದೂವರೆಗೆ ಡ್ಯಾನಿಷ್ ಕ್ಲಾಸಿನಲ್ಲೂ ಒಂದು ವಾರ ಕೂತು ನೋಡಿ, ಆಮೇಲೆ ತೀರ್ಮಾನ ಮಾಡಿ ಎಂದರು. ಕಿವಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ 20

ದಿನಾ ಎರಡು ಕ್ಲಾಸ್. ಸೊಂಟ ಬಿದ್ದುಹೋಗಿದೆ.

ಡ್ಯಾನಿಷ್ ಸ್ವರಗಳ ಭಾಷೆ. ಗಂಟಲಲ್ಲೇ ಉರುಳಾಡುತ್ತದೆ. ಬರೆದದ್ದರಲ್ಲಿ ಅರ್ಧ ನುಂಗುತ್ತಾರೆ. ಊಟಕ್ಕೆ ‘ಮಡ್’ ಎಂದು ಬರೆದು, ನಾಲಿಗೆ ಸುಟ್ಟವರ ಹಾಗೆ ‘ಮಲ್’ ಅಂತಾರೆ. ಐವತ್ತಕ್ಕೆ ‘ಅರ್ಧ ಮೂರನೆಯದು’ ಅಂತ. ಅಂದರೆ ಎರಡೂವರೆ. ಎರಡೂವರೆ ಇಪ್ಪತ್ತು, ಐವತ್ತು. ಎಪ್ಪತ್ತಕ್ಕೆ ಮೂರೂವರೆ ಇಪ್ಪತ್ತು. ಐವತ್ತೆರಡು ಬೇಕಾದರೆ ಎರಡನ್ನು ಮೊದಲು ಹೇಳಿ ಆಮೇಲೆ ಆ ಎರಡೂವರೆ. ಟೇಪ್ ಹಿಡಿದು ನಿಂತವನು ಅಷ್ಟರಲ್ಲಿ ಮುದುಕನಾಗುತ್ತಾನೆ.

ಆದರೆ ಒಂದು ಸುಖ ಇದೆ. ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಇಪ್ಪತ್ತೈದರ ಹುಡುಗಿಯರೂ ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ ‘ಏನಂದ್ರಿ, ಏನಂದ್ರಿ’. ಕ್ಲಾಸಿಗೆ ಕ್ಲಾಸೇ ನಾನಾಗಿದೆ. ಅವರು ನುಂಗಿದ್ದೆಷ್ಟು, ನನ್ನ ಕಿವಿ ನುಂಗಿದ್ದೆಷ್ಟು, ಯಾರಿಗೆ ಗೊತ್ತಾಗುತ್ತದೆ?

ಪಟ್ಟಿಯಲ್ಲಿ ನನ್ನ ಹೆಸರು ಡ್ಯಾನಿಷ್‌ಗೆ ಬದಲಾಯಿಸಿದೆ. ಮೊಳೆ ಎರಡು ದಿನ ಮಾತು ಬಿಟ್ಟ. ಪೋಲಿಷ್ ಕ್ಲಾಸಿಗೂ ಹೋಗುತ್ತಲೇ ಇದ್ದೇನೆ, ಅವನಿಗೋಸ್ಕರ. ಬೋರ್ಡ್ ನೋಡಲು ಇಷ್ಟ, ಅದಕ್ಕೂ.

ಮಾರ್ಚ್ 24, ಸೋಮವಾರ

ಹೆಂಡತಿಯ ಬಲವಂತಕ್ಕೆ ಮಗಳು ಅಭ್ಯಾಸ ಮಾಡಿಸಲು ಕೂತಳು. ಇಪ್ಪತ್ತೊಂದು ವರ್ಷ. ಔಷಧಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಾಳೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಎರಡು ವರ್ಷ ಓದಿ, ಒಂದು ಪೇಪರ್ ಹೋಯಿತು ಎಂದು ಹೋದ ಆಗಸ್ಟ್‌ನಲ್ಲಿ ಬಿಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಅವಳಿಗೂ ಏನೋ ಇದೆ. ಏಳು ತಿಂಗಳಿಂದ ಊಟಕ್ಕೆ ಬಾ, ಬಾಗಿಲು ಹಾಕು — ಅಷ್ಟೇ ನಮ್ಮ ಮಾತು.

ಎದುರು ಕೂತು ಪುಸ್ತಕ ನೋಡಿ ಓದಿದಳು. ಚೆನ್ನಾಗೇ ಹೇಳಿದೆ. ಆಮೇಲೆ ಎದ್ದು ಹಿಂದೆ ಹೋಗಿ, ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾ ಓದಿದಳಂತೆ. ಓದುವುದು ನಿಲ್ಲಿಸಿದಳೇನೋ ಅಂದುಕೊಂಡು ನಾನು ಪುಸ್ತಕ ಮಡಚಿದೆ.

ಭುಜ ಮುಟ್ಟಿದಳು. ಮುಖ ಕೆಂಪಾಗಿತ್ತು.

“ಬೇಡ ಅಂದ್ರೆ ಬೇಡ ಅನ್ನು ಅಪ್ಪ. ಹತ್ತು ಸಲ ಕೇಳ್ದೆ, ಉತ್ರನೇ ಕೊಡಲ್ಲ.”

ನೀನೆಲ್ಲಿ ಕೇಳಿದೆ ಎಂದೆ. ಮತ್ತೆ ಹಿಂದೆ ಹೋದಳು. ತಿರುಗಬೇಡ ಎಂದು ಕೈ ಮಾಡಿದ್ದಳು, ತಿರುಗಲಿಲ್ಲ. ಬಹಳ ಹೊತ್ತಾದ ಮೇಲೆ ಮುಂದೆ ಬಂದಳು.

“ಈಗ ನಾನು ಏನು ಹೇಳ್ದೆ?”

ಏನೂ ಹೇಳಲಿಲ್ಲವಲ್ಲ ಎಂದೆ.

ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು. ಹೆಂಡತಿಯ ಹತ್ತಿರ ಏನೋ ಹೇಳುತ್ತಿದ್ದಳು. ತುಟಿ ಕಾಣುವಷ್ಟು ಹತ್ತಿರ ಇರಲಿಲ್ಲ.

ಮಾರ್ಚ್ 30, ಭಾನುವಾರ. ಮಧ್ಯಾಹ್ನ

ಹೇಗೆ ಬರೆಯಲಿ.

ಬೆಳಿಗ್ಗೆ ಮಗಳು ಎದುರು ಕುರ್ಚಿ ಎಳೆದುಕೊಂಡು ಕೂತಳು. ನಿಧಾನವಾಗಿ, ಬಾಯಿ ಬಿಡಿಸಿ ಮಾತಾಡಿದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗಂಡಸರ ದನಿ ಸಿಗುತ್ತದೆ. ಹೆಂಗಸರದು, ಮಕ್ಕಳದು ಮೇಲೆ ಮೇಲೆ ತೇಲಿಹೋಗುತ್ತದೆ. ನೀನು ಮಾತು ಕಡಿಮೆ ಮಾಡಿದೀಯ ಅಂತಲೇ ಅಂದುಕೊಂಡಿದ್ದೆ, ಅದನ್ನೂ ಹೇಳಿದೆ.

ಆಗ ಕೇಳಿದಳು.

“ಆಗಸ್ಟ್‌ನಲ್ಲಿ ನೀನು ನಲ್ಲಿ ಹತ್ರ ಕೈ ತೊಳೀತಿದ್ದೆ. ಹಿಂದೆ ಬಂದು ನಿಂತು ಕೇಳ್ದೆ — ಅಪ್ಪ, ನನ್ ಕೈಲಿ ಆಗ್ತಿಲ್ಲ, ಕೋರ್ಸ್ ಬಿಟ್ಬಿಡ್ಲಾ ಅಂತ. ನೆನಪಿದ್ಯಾ?”

ಇಲ್ಲ. ಎಲ್ಲಿಂದ ನೆನಪಿರಬೇಕು. ಸೋಫಾ ಅಂಟು ಕೈಯಿಂದ ಬೇಗ ಹೋಗುವುದಿಲ್ಲ, ನಲ್ಲಿ ಜೋರಾಗಿ ಬಿಟ್ಟುಕೊಂಡು ತಿಕ್ಕುತ್ತಿರುತ್ತೇನೆ.

“ನೀನು ಹ್ಞೂಂ, ಹಾಗೇ ಮಾಡು ಅಂದೆ. ತಿರುಗೂ ನೋಡ್ಲಿಲ್ಲ.”

ಹಿಂದೆ ಯಾರೋ ನಿಂತಂತೆ ಅನ್ನಿಸಿದರೆ ನಾನು ಹಾಗೆ ಅನ್ನುತ್ತೇನೆ. ವರ್ಷಗಳಿಂದ. ಹ್ಞೂಂ, ಹಾಗೇ ಮಾಡು. ಹತ್ತರಲ್ಲಿ ಒಂಬತ್ತು ಸಲ ಹೊಂದಿಕೊಳ್ಳುತ್ತದೆ.

ಕೊನೆಗೆ ಅಂದಳು, ಅತ್ತ ನೋಡುತ್ತಾ. ಅವಳು ತಿರುಗಿದ್ದರಿಂದ ಸಿಗಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಈ ಕಡೆ ತಿರುಗಿ ಹೇಳಿದಳು.

“ನೀನು ಬೇಡ ಅಂತೀಯ ಅಂದ್ಕೊಂಡೇ ಕೇಳಿದ್ದು.”

ಏಳು ತಿಂಗಳು ನಾನು ಅವಳ ಮೇಲೆ ಮುನಿಸಿಕೊಂಡಿದ್ದೆ.

ಏಪ್ರಿಲ್ 2

ಕೆಲಸಕ್ಕೆ ಹೋದೆ, ಬಂದೆ. ಎರಡು ಕುರ್ಚಿ ಬಿಚ್ಚಿ ಮತ್ತೆ ಹೊದಿಸಬೇಕಾಯಿತು.

ಹದಿನಾರಕ್ಕೆ ಎಲ್ಲರಿಗೂ ವೈದ್ಯಕೀಯ ಪರೀಕ್ಷೆ, ಕಿವಿಯದೂ ಸೇರಿ. ಎರಡು ದೇಶದ ಕಾರ್ಖಾನೆಯವರೂ ಕೇಳಿದ್ದಾರಂತೆ. ಅಲ್ಲಿ ಮಾಲು ಎತ್ತುವ ಗಾಡಿಗಳು ಬೆನ್ನ ಹಿಂದೆಯೇ ಓಡಾಡುತ್ತವೆ, ಹಾರನ್ ಕೇಳಿಸಲೇಬೇಕು.

ಹೆದರಿಕೆ ಇಲ್ಲ. ಇಲ್ಲಿ ಪ್ರತಿ ವರ್ಷ ಪಾಸಾಗಿದ್ದೇನೆ. ಕಿವಿಗೆ ಹೆಡ್‌ಫೋನ್ ಹಾಕಿ ಶಬ್ದ ಬಂದಾಗ ಕೈ ಎತ್ತು ಅನ್ನುತ್ತಾರೆ. ಗುಂಡಿ ಒತ್ತುವವರ ಹೆಬ್ಬೆರಳಿನ ನರ ನೋಡುತ್ತಿರಬೇಕು. ಅದು ಎದ್ದರೆ ಕೈ ಎತ್ತಬೇಕು. ಐದು ವರ್ಷದಿಂದ ಅದೇ ವಿದ್ಯೆ. ಮೊಳೆಗೆ ಮಾತ್ರ ಗೊತ್ತು. ಬೇಕಾದರೆ ಬಾಗಿಲ ಹತ್ತಿರ ನಿಂತು ಸನ್ನೆ ಮಾಡುತ್ತೇನೆ, ಒಟ್ಟಿನಲ್ಲಿ ಹೊರಟುಬಿಡು ಕಣೋ ಅಂದ. ಅವನಿಗೆ ಒಬ್ಬನೇ ಹೋಗಲು ಭಯ. ದೇಶ ಬೇರೆಯಾದರೂ ವಿಮಾನ ನಿಲ್ದಾಣದವರೆಗಾದರೂ ಜೊತೆ ಇರಲಿ ಎಂದು.

ಮಗಳು ದಿನಾ ಸಂಜೆ ಎದುರು ಕೂರುತ್ತಾಳೆ. ಡ್ಯಾನಿಷ್ ಓದಿಸುತ್ತಾಳೆ. ಕೋರ್ಸಿನ ಮಾತು ಇಬ್ಬರೂ ಎತ್ತುತ್ತಿಲ್ಲ.

ಏಪ್ರಿಲ್ 16, ಬುಧವಾರ

ಹೆಬ್ಬೆರಳು ಕಾಣುತ್ತಿತ್ತು. ಬೆಳಕು ಚೆನ್ನಾಗಿತ್ತು. ಪರೀಕ್ಷೆ ಮಾಡುವವಳು ಹೊಸಬಳು, ಕೈ ಮರೆಮಾಡುವುದು ಗೊತ್ತಿಲ್ಲ.

ಕಣ್ಣು ಮುಚ್ಚಿಕೊಂಡೆ.

ಯಾಕೆ ಎಂದು ಕೇಳಿದರೆ ದೊಡ್ಡ ಕಾರಣ ಏನೂ ಇಲ್ಲ. ಸಾಕಾಗಿತ್ತು. ಯಾರ ತುಟಿ, ಯಾರ ಬೆರಳು, ಯಾರ ಹುಬ್ಬು ಎಂದು ಕಾಯುತ್ತಾ ಕೂರುವುದು. ಕಣ್ಣು ಮುಚ್ಚಿದರೆ ಎಷ್ಟು ಆರಾಮ ಅನ್ನಿಸಿತು. ಮೊದಲು ಕೆಲವು ಶಬ್ದ ಬಂತು, ದಪ್ಪನೆಯವು. ಆಮೇಲೆ ಏನೂ ಇಲ್ಲ. ಪರೀಕ್ಷೆ ಮುಗಿದಿದೆ ಅಂದುಕೊಂಡು ಕಣ್ಣು ಬಿಟ್ಟೆ. ಅವಳು ಇನ್ನೂ ಗುಂಡಿ ಒತ್ತುತ್ತಲೇ ಇದ್ದಳು.

ಕಾಗದ ತೋರಿಸಿದಳು. ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಬಾವಿಗೆ ಹಾರಿದ ಹಾಗೆ ಕೆಳಗೆ ಬಿದ್ದಿದೆ. ಎರಡೂ ಕಿವಿ. ಸ, ಶ, ಚ, ಫ — ಎಲ್ಲ ಆ ಬಾವಿಯ ಕಡೆಯವೇ ಎಂದಳು. ಎಷ್ಟು ವರ್ಷದಿಂದ ಗನ್ ಹಿಡಿದಿದ್ದೀರಿ ಎಂದು ಕೇಳಿ, ಬರೆದುಕೊಂಡಳು.

ಏಪ್ರಿಲ್ 17

ಅಧಿಕಾರಿ ಕೂರಿಸಿಕೊಂಡು ಮಾತಾಡಿದರು. ಪಟ್ಟಿಯಿಂದ ಹೆಸರು ತೆಗೆಯಲೇಬೇಕು. ಹೋದ ವರ್ಷದ ಕಾಗದದಲ್ಲಿ ಎಲ್ಲ ಸರಿಯಿದೆಯಲ್ಲ, ಹೇಗೆ ಎಂದರು. ಮೋಸ ಮಾಡಿದ್ದೆ ಎಂದೆ. ಪೆನ್ನು ಕೆಳಗಿಟ್ಟರು. ಬಹಳ ಹೊತ್ತು ಏನೂ ಅನ್ನಲಿಲ್ಲ — ಈ ಸಲ ನಿಜವಾಗಿಯೂ ಅನ್ನಲಿಲ್ಲ, ತುಟಿ ನೋಡುತ್ತಲೇ ಇದ್ದೆ.

ನಮೂನೆ ಕೋಣೆ ಮುಚ್ಚುವುದಿಲ್ಲವಂತೆ. ಬಟ್ಟೆ ಕತ್ತರಿಸಲು ಕಾಗದದ ಅಚ್ಚು ತೆಗೆಯುವ ಕೆಲಸ. ಗನ್ ಇಲ್ಲ, ಕಂಪ್ರೆಸರ್ ಇಲ್ಲ. ಒಂದು ಜಾಗ ಖಾಲಿ ಆಗಬಹುದು. ಅರ್ಜಿ ಕೊಡಿ, ಭರವಸೆ ಮಾತ್ರ ಕೇಳಬೇಡಿ ಎಂದರು. ಕೊಟ್ಟೆ.

ಮೊಳೆ ಮಧ್ಯಾಹ್ನ ಎದುರು ಬಂದು ಕೂತ. ಬಾಯಲ್ಲಿ ಮೊಳೆ ಇರಲಿಲ್ಲ.

“ಕಣ್ ಮುಚ್ಕೊಂಡ್ಯಂತೆ.”

ಹೌದು ಎಂದೆ. ತನ್ನ ಡಬ್ಬಿಯಿಂದ ಅರ್ಧ ನನ್ನ ಡಬ್ಬಿಗೆ ಹಾಕಿ, ತಲೆ ಬಗ್ಗಿಸಿ ತಿಂದ.

ಏಪ್ರಿಲ್ 30

ಕಿವಿಗೆ ಯಂತ್ರ ಬಂದು ಐದು ದಿನ. ಕಾರ್ಖಾನೆಯವರೇ ಕೊಡಿಸಿದರು. ಸುಖವಿಲ್ಲ. ಪ್ಲಾಸ್ಟಿಕ್ ಚೀಲದ ಸದ್ದಿಗೆ ಬೆಚ್ಚುತ್ತೇನೆ. ನನ್ನ ಚಪ್ಪಲಿಗೇ ಇಷ್ಟು ಸದ್ದಿತ್ತೇ? ಹೆಂಡತಿ ಬಟ್ಟೆ ಮಡಚುವಾಗ ಏನೋ ಗುನುಗುತ್ತಾಳೆ, ಎಷ್ಟು ವರ್ಷದಿಂದಲೋ. ಹಾಕಿ ಎರಡು ಗಂಟೆಯಾದರೆ ತಲೆ ಸಿಡಿಯುತ್ತದೆ, ತೆಗೆದಿಡುತ್ತೇನೆ. ಪುನಃ ಹಾಕಿಕೊಳ್ಳುತ್ತೇನೆ. ಅಭ್ಯಾಸ ಆಗಬೇಕು ಅಂತಾರೆ. ಎಲ್ಲದಕ್ಕೂ ಅದನ್ನೇ ಅಂತಾರೆ.

ಮಗಳ ದನಿ ನಾನು ಅಂದುಕೊಂಡಂತೆ ಇಲ್ಲ. ಸ್ವಲ್ಪ ಒಡಕು. ಅವಳ ಅಜ್ಜಿಯ ದನಿ.

ಮೇ 5, ಸೋಮವಾರ

ಶುಕ್ರವಾರ ಪರೀಕ್ಷೆ ಮುಗಿದು ಇವತ್ತು ಫಲಿತಾಂಶ ಬಂತು. ಮೊಳೆ ಪೋಲಿಷ್‌ನಲ್ಲಿ ಪಾಸು. ಡ್ಯಾನಿಷ್ ಕ್ಲಾಸಿನ ಹನ್ನೊಂದು ಜನರಲ್ಲಿ ಎಂಟು.

ಕಲಿಯುವವರ ಎರಡನೆಯ ತಂಡ ಮುಂದಿನ ವಾರ ಶುರು. ಅವರಿಗೆ ಕೊಡಲು ಒಂದು ಪುಟ ಬರೆದುಕೊಡಿ ಎಂದು ಟೀಚರ್ ಕೇಳಿದರು. ಪಟ್ಟಿಯಿಂದ ಹೆಸರು ಹೋದ ಮೇಲೂ ಎರಡೂ ಕ್ಲಾಸಿನಲ್ಲಿ ಕೊನೆಯವರೆಗೆ ಕೂತವನು ನಾನೊಬ್ಬನೇ ಅಂತೆ. ಎರಡೂ ಊರಿಗೆ ಹೋಗದವನೂ ನಾನೇ ಎಂದೆ. ನಕ್ಕರು, ಆದರೆ ಕೇಳಿದ್ದನ್ನು ಬಿಡಲಿಲ್ಲ. ಊಟದ ಹೊತ್ತಲ್ಲಿ ಬರೆದದ್ದು:

ಪುಸ್ತಕ ಹಿಡಿದು ಕೂರುವ ತಾಳ್ಮೆ ಇದ್ದರೆ ಪೋಲಿಷ್. ವಿಭಕ್ತಿಗೆ ಹೆದರಬೇಡಿ, ಮನೆಯಲ್ಲಿ ಗೊತ್ತಿಲ್ಲದೆ ಅದನ್ನೇ ಮಾಡುತ್ತಿದ್ದೀರಿ. ಹೆದರಬೇಕಾದದ್ದು ಕ್ರಿಯಾಪದಕ್ಕೆ. ಮಾಡುತ್ತಾ ಇರುವ ಕೆಲಸಕ್ಕೆ ಒಂದು ಪದ, ಮಾಡಿ ಮುಗಿಸುವ ಕೆಲಸಕ್ಕೆ ಅದರದೇ ಜೋಡಿ ಇನ್ನೊಂದು. ಜೋಡಿಯಾಗಿಯೇ ಕಲಿಯಿರಿ, ಎಡಗೈ ಬಲಗೈ ಗವಸಿನ ಹಾಗೆ. ವಾಕ್ಯದಲ್ಲಿ ಪದ ಹಿಂದೆ ಮುಂದೆ ಆದರೂ ಹೆಚ್ಚು ತೊಂದರೆ ಇಲ್ಲ, ವಿಭಕ್ತಿಯ ಬಾಲ ಸರಿ ಇದ್ದರೆ ಸಾಕು. ಒಂಬತ್ತು, ಹತ್ತು ಮಾತ್ರ ಬೆರಳಲ್ಲಿ ತೋರಿಸಿ.

ಬೇಗ ನಾಲ್ಕು ಮಾತು ಆಡಬೇಕು ಅನ್ನುವವರಿಗೆ ಡ್ಯಾನಿಷ್. ವ್ಯಾಕರಣ ಒಂದು ತಿಂಗಳಲ್ಲಿ ಮುಗಿಯುತ್ತದೆ. ಕೇಳುವುದು ವರ್ಷವಾದರೂ ಮುಗಿಯುವುದಿಲ್ಲ. ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲಬಾರದು. ನಮ್ಮ ಹಾಗೆ ಕೊನೆಗೆ ತಂದಿಟ್ಟರೆ ಅವರು ಕಾಯುವುದಿಲ್ಲ. ಅಂಕಿಗಳ ಲೆಕ್ಕ ಹಾಕಲು ಹೋಗಬೇಡಿ, ಬಾಯಿಪಾಠ ಮಾಡಿ. ದಯವಿಟ್ಟು ಅನ್ನುವುದಕ್ಕೆ ಅವರಲ್ಲಿ ಒಂದು ಪದವೇ ಇಲ್ಲ, ಸಿಡುಕು ಎಂದು ತಿಳಿಯಬೇಡಿ.

ಮೊದಲ ದಿನವೇ ಕಲಿಯಬೇಕಾದ್ದು ಕೇಳಿಸದಾಗ ಹೇಳುವ ಮಾತು. ಡ್ಯಾನಿಷ್‌ನಲ್ಲಿ ‘ವಾ ಸೀ-ಅ ದು’. ಏನಂದ್ರಿ ಎಂದೇ ಅರ್ಥ. ಪೋಲಿಷ್‌ನಲ್ಲಿ ‘ಸ್ವುಹಾಮ್’. ಅದರ ಅರ್ಥ ಕೇಳುತ್ತಿದ್ದೇನೆ ಎಂದು. ನಾಚಿಕೆ ಪಡದೆ ಅನ್ನಿ. ಕೇಳಿಸದೆ ತಲೆ ಆಡಿಸಬೇಡಿ.

ಕೊನೆಯ ಸಾಲು ಹೊಡೆದುಹಾಕಿದ್ದೆ. ಟೀಚರ್ ಅದನ್ನೂ ಸೇರಿಸಿ ಟೈಪ್ ಮಾಡಿಸಿದರು.

ಮೇ 8

ನಾನೇ ಎತ್ತಿದೆ. ಊಟ ಆದ ಮೇಲೆ, ಯಂತ್ರ ಹಾಕಿಕೊಂಡು. ಕೋರ್ಸ್‌ಗೆ ವಾಪಸ್ ಹೋಗ್ತೀಯಾ ಎಂದೆ. ಆಗಲ್ಲ, ವರ್ಷ ಆಗ್ತಾ ಬಂತು, ತಗೊಳ್ಳಲ್ಲ ಎಂದಳು. ಯಾರನ್ನು ಕೇಳಿದೆ ಎಂದೆ. ಯಾರನ್ನೂ ಇಲ್ಲ.

ಆಗಲ್ಲ ಅನ್ನುವಾಗಲೇ ಹಳೆಯ ನೋಟ್‌ಬುಕ್‌ಗಳನ್ನು ಮಂಚದ ಕೆಳಗಿನಿಂದ ಎಳೆದು ಒರೆಸಿದಳು. ಹೆಂಡತಿ ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರಿ ಎಂದಳು.

ಮೇ 12, ಸೋಮವಾರ. ಬೆಳಿಗ್ಗೆ 11:10

ಅವಳ ಕಾಲೇಜು. ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚು. ಮತ್ತೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಲು ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ. ನಮೂನೆ ಕೋಣೆಯಿಂದ ಇನ್ನೂ ಸುದ್ದಿ ಇಲ್ಲ.

ಮಗಳು ಪಕ್ಕದಲ್ಲಿ. ಬೆರಳಿನ ಉಗುರು ಕೀಳುತ್ತಿದ್ದಾಳೆ. ನಾನು ಏನೂ ಹೇಳಲ್ಲ ಅಪ್ಪ, ಮಾತು ಬರಲ್ಲ ಎಂದಳು. ಪಕ್ಕದಿಂದಲೇ, ತಿರುಗದೆ. ನಾನು ಹೇಳುತ್ತೇನೆ ಎಂದೆ.

ಏನು ಹೇಳುವುದು? ಸರಿಯಾಗಿ ಹೇಳಬೇಕು, ಒಂದೇ ಸಲಕ್ಕೆ ತಿಳಿಯುವ ಹಾಗೆ. ಬರೆದುಕೊಂಡರೆ ಬಾಯಿಗೆ ಬರುತ್ತದೆ.

ನಮಸ್ಕಾರ ಮೇಡಂ. ನಾನು ಇವಳ ಅಪ್ಪ. ಸೋಫಾ ಕೆಲಸ ಮಾಡುತ್ತೇನೆ. ಹೋದ ಆಗಸ್ಟ್‌ನಲ್ಲಿ ಇವಳು ನನ್ನನ್ನು ಒಂದು ಮಾತು ಕೇಳಿದ್ದಳು. ಆಗ ನಾನು